ದೀಪ ದೊಡ್ಡದಾಗಲಿ



ಬೆಳಕನ್ನು ಹೊಗಳದ ಧರ್ಮವಿಲ್ಲ. ಕತ್ತಲೆಯನ್ನು ಹಳಿಯದ ಪ್ರವಚನವಿಲ್ಲ. ಜ್ಞಾನವನ್ನು ಬೆಳಕಿಗೂ ಅಜ್ಞಾನವನ್ನು ಕತ್ತಲೆಗೂ ಹೋಲಿಸುವುದು ನಮ್ಮ ನಾಲಿಗೆಗೆ ಎಷ್ಟು ರೂಢಿಯಾಗಿದೆಯೆಂದರೆ, ಅದೊಂದು ಹೋಲಿಕೆ ಮಾತ್ರವೆಂಬುದೇ ಮರೆತುಹೋಗಿದೆ. ನಾವೂ ಅನೇಕ ವರ್ಷಗಳಿಂದ ಊರೂರು ತಿರುಗಿ ಇದನ್ನೇ ಹೇಳುತ್ತ ಬಂದವರು. ಆದರೆ ಈ ತಿಂಗಳು ಆ ಮಾತನ್ನು ಒಮ್ಮೆ ಮಗುಚಿ ನೋಡಬೇಕೆಂದು ಮನಸ್ಸಾಗಿದೆ. ಮನುಷ್ಯನ ಬಾಳಿನಲ್ಲಿ ಕತ್ತಲೆಗೂ ನ್ಯಾಯವಾದ ಒಂದು ಸ್ಥಾನವುಂಟೇ? ಉಂಟಾದರೆ, ಇನ್ನೊಬ್ಬರ ಪಾಲಿಗೆ ಬಂದ ಕತ್ತಲೆಯನ್ನು ಕಿತ್ತುಕೊಳ್ಳುವ ಅಧಿಕಾರ ನಮಗೆ ಇದೆಯೇ? ಈ ಪ್ರಶ್ನೆ ನಮಗೆ ಯಾವ ಗ್ರಂಥದಿಂದಲೂ ಹುಟ್ಟಿದ್ದಲ್ಲ. ನಾವು ಮಾಡಿದ ಒಂದು ತಪ್ಪಿನಿಂದ ಹುಟ್ಟಿದ್ದು. ಆದಕಾರಣ ಮೊದಲು ತಪ್ಪನ್ನೇ ಹೇಳುತ್ತೇವೆ, ವಿಚಾರ ಆಮೇಲೆ.

2018ರ ಜೂನ್ ತಿಂಗಳು. ಶಾಲೆಗಳು ಆರಂಭವಾಗುವ ಹೊತ್ತಿಗೆ ಇದೇ ನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ಮಕ್ಕಳು ಮಲಗುವ ದೊಡ್ಡ ಪಡಸಾಲೆಗೆ ಹೊಸ ಎಲ್‌ಇಡಿ ದೀಪಗಳನ್ನು ಸೇವಾರ್ಥವಾಗಿ ಹಾಕಿಸಿಕೊಟ್ಟರು. ಹಾಲು ಚೆಲ್ಲಿದಂಥ ಬಿಳಿಯ ಬೆಳಕು. ವಿದ್ಯುತ್ತಿನ ಖರ್ಚೂ ಕಡಿಮೆ. ಅದಕ್ಕೆ ಕೆಲವೇ ದಿನಗಳ ಹಿಂದೆ, ರಾತ್ರಿ ಮೂತ್ರವಿಸರ್ಜನೆಗೆಂದು ಎದ್ದ ಚಿಕ್ಕ ಹುಡುಗನೊಬ್ಬ ಕತ್ತಲೆಯಲ್ಲಿ ಎಡವಿ ಬಿದ್ದು ಹಣೆ ಒಡೆದುಕೊಂಡಿದ್ದ. ಎರಡನ್ನೂ ಕೂಡಿಸಿ ನಾವೊಂದು ಅಪ್ಪಣೆ ಮಾಡಿದೆವು: ಇನ್ನು ಮೇಲೆ ಮಲಗುವ ಪಡಸಾಲೆಯಲ್ಲಿ ರಾತ್ರಿಯಿಡೀ ದೀಪ ಉರಿಯಲಿ. ಸಮರ್ಪಣೆಯ ಸಭೆಯಲ್ಲಿ, ಮಠದ ಮಕ್ಕಳ ಪಾಲಿಗೆ ಇನ್ನು ಕತ್ತಲೆಯೆಂಬುದೇ ಇಲ್ಲವೆಂದು ಹೇಳಿದೆವು. ಭಕ್ತರು ಚಪ್ಪಾಳೆ ತಟ್ಟಿದರು. ನಮಗೂ ಹಿತವೆನಿಸಿತು.

ದಸರೆ ಕಳೆದು ದೀಪಾವಳಿ ಬರುವಷ್ಟರಲ್ಲಿ ದೂರುಗಳು ಬರತೊಡಗಿದವು. ಮುಂಜಾನೆಯ ಪ್ರಾರ್ಥನೆಯಲ್ಲಿ ಮಕ್ಕಳು ತೂಗಾಡುತ್ತಿದ್ದರು. ತರಗತಿಯಲ್ಲಿ ತೂಕಡಿಸುತ್ತಾರೆಂದು ಶಿಕ್ಷಕರು ಹೇಳಿಕಳಿಸಿದರು. ತಲೆನೋವು, ಸಣ್ಣ ಮಾತಿಗೆ ಜಗಳ, ಊಟದಲ್ಲಿ ನಿರಾಸಕ್ತಿ. ನಾವು ಇದನ್ನು ಕಾಲದ ದೋಷವೆಂದೂ ಮಕ್ಕಳ ಸೋಮಾರಿತನವೆಂದೂ ತಿಳಿದೆವು. ಅಷ್ಟೇ ಅಲ್ಲ, ಮದ್ದೆಂದು ಬೆಳಗಿನ ಗಂಟೆಯನ್ನು ಅರ್ಧ ತಾಸು ಮುಂಚಿತವಾಗಿ ಬಾರಿಸಲು ಹೇಳಿದೆವು!

ಮಾರ್ಗಶಿರದ ಚಳಿಯಲ್ಲಿ ಒಂದು ದಿನ ಉಗ್ರಾಣದವರು ಬಂದು, ರಾತ್ರಿ ಯಾರೋ ಉಗ್ರಾಣ ಹೊಗುತ್ತಿದ್ದಾರೆಂದು ಅರಿಕೆ ಮಾಡಿಕೊಂಡರು. ಅಂದು ರಾತ್ರಿ ನಾವೇ ಬ್ಯಾಟರಿ ಹಿಡಿದು ಹೋದೆವು. ಜೋಳದ ಚೀಲಗಳ ಸಂದಿಯಲ್ಲಿ ಕಂಬಳಿ ಹೊದ್ದು ಎಂಟನೆಯ ಇಯತ್ತೆಯ ಹುಡುಗನೊಬ್ಬ ಮುದುಡಿ ಮಲಗಿದ್ದ. ಕಳ್ಳನೆಂದೇ ಬಗೆದೆವು. ಮರುದಿನ ಪ್ರಾರ್ಥನೆಯಲ್ಲಿ ಅವನನ್ನು ಎಲ್ಲರೆದುರು ನಿಲ್ಲಿಸಿ ಕಠಿಣವಾಗಿ ಮಾತನಾಡಿದೆವು. ಹುಡುಗ ತಲೆ ತಗ್ಗಿಸಿ ನಿಂತನೇ ಹೊರತು ಒಂದು ಮಾತೂ ಆಡಲಿಲ್ಲ. ಉಗ್ರಾಣದವರು ಚೀಲಗಳನ್ನು ಎಣಿಸಿ ತೂಗಿದರು. ಒಂದು ಸೇರು ಕೂಡ ಕಡಿಮೆಯಾಗಿರಲಿಲ್ಲ. ಸಂಜೆ ಅವನೊಬ್ಬನನ್ನೇ ಕರೆದು, "ಮತ್ತೇಕೆ ಅಲ್ಲಿಗೆ ಹೋಗುತ್ತಿದ್ದೆ ಮಗು?" ಎಂದು ಕೇಳಿದೆವು. ಅವನು ಹೇಳಿದ್ದು ಇಷ್ಟೇ: "ಅಲ್ಲಿ ಕತ್ತಲ ಐತ್ರೀ ಅಜ್ಜಾರ. ನಿದ್ದಿ ಬರ್ತೈತ್ರಿ."

ಆ ರಾತ್ರಿ ನಾವು ನಮ್ಮ ಕೋಣೆಯನ್ನು ಬಿಟ್ಟು ಮಕ್ಕಳ ನಡುವೆ ಚಾಪೆ ಹಾಸಿಕೊಂಡೆವು. ಆಗ ಕಣ್ಣಿಗೆ ಬಿದ್ದದ್ದನ್ನು ಆರು ತಿಂಗಳು ನೋಡದೆಯೇ ಇದ್ದೆವಲ್ಲ ಎಂಬುದು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಕೆಲವರು ಮುಖದ ತುಂಬ ಕಂಬಳಿ ಎಳೆದುಕೊಂಡಿದ್ದರು. ಕೆಲವರು ಕಣ್ಣಿಗೆ ಟವೆಲ್ ಕಟ್ಟಿಕೊಂಡಿದ್ದರು. ಇಬ್ಬರು ಪೆಟ್ಟಿಗೆಗಳ ನೆರಳಿಗೆ ಸರಿದು ಮಲಗಿದ್ದರು. ನಮಗಂತೂ ಬೆಳಗಿನ ಜಾವದವರೆಗೆ ಕಣ್ಣು ಹತ್ತಲಿಲ್ಲ. ಅಷ್ಟು ತಿಂಗಳೂ ನಾವು ನಮ್ಮ ಕೋಣೆಯಲ್ಲಿ ದೀಪ ತೆಗೆದು ಸುಖವಾಗಿ ಮಲಗಿದ್ದೆವು. ನಮ್ಮ ಕೋಣೆಯ ದೀಪದ ಗುಂಡಿ ನಮ್ಮ ಕೈಯಲ್ಲಿತ್ತು. ಅವರ ಪಡಸಾಲೆಯ ಗುಂಡಿಯೂ ನಮ್ಮ ಕೈಯಲ್ಲೇ ಇತ್ತು. ಮರುದಿನ ಪ್ರಾರ್ಥನೆಯಲ್ಲಿ ಆ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತಪ್ಪು ನಮ್ಮದೆಂದು ಎಲ್ಲ ಮಕ್ಕಳ ಮುಂದೆ ಒಪ್ಪಿಕೊಂಡೆವು.

ಒಪ್ಪಿಕೊಂಡ ಮಾತ್ರಕ್ಕೆ ಮುಗಿಯಿತೇ? ತಪ್ಪಿನ ಕಾರಣವನ್ನು ತಿಳಿಯದೆ ತಪ್ಪನ್ನು ತಿದ್ದಲಾಗದು. ವೈದ್ಯರಾಗಿರುವ ಭಕ್ತರೊಬ್ಬರನ್ನು ಕೇಳಿ, ಅವರು ಕೊಟ್ಟ ಪುಸ್ತಕಗಳನ್ನು ಓದಿದೆವು. ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇವೆ.

ಸಂಜೆಯಾದರೆ ಹುಣಸೆಯ ಎಲೆ ಮುಚ್ಚಿಕೊಳ್ಳುವುದನ್ನು ನಮ್ಮ ಹಳ್ಳಿಯ ಮಕ್ಕಳೆಲ್ಲ ಬಲ್ಲರು. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಲೆಕ್ಸಾಂಡರನ ನೌಕಾಧಿಕಾರಿ ಆಂಡ್ರೊಸ್ಥೆನೀಸ್, ಇಂದು ಬಹರೈನ್ ಎನಿಸಿರುವ ದ್ವೀಪದಲ್ಲಿ ಇಂಥದೇ ಮರವನ್ನು ಕಂಡು ಅಚ್ಚರಿಯಿಂದ ದಾಖಲಿಸಿದನು. ಅದು ಹುಣಸೆಯೇ ಎಂದು ಈಗಿನ ವಿದ್ವಾಂಸರು ಹೇಳುತ್ತಾರೆ. ಬಿಸಿಲು ಹೋದುದರಿಂದ ಎಲೆ ಮುಚ್ಚಿತು ಎಂದು ಯಾರಾದರೂ ಹೇಳಿಬಿಡಬಹುದು. ಆದರೆ 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ದ ಮೆರಾಂ, ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಬಿಸಿಲು ಸುಳಿಯದ ಕತ್ತಲೆಯಲ್ಲಿ ಇಟ್ಟು ನೋಡಿದನು. ಬೆಳಕಿಲ್ಲದಿದ್ದರೂ ಹಗಲಿನ ಹೊತ್ತಿಗೆ ಅದರ ಎಲೆ ಬಿಚ್ಚಿತು, ಇರುಳಿನ ಹೊತ್ತಿಗೆ ಮುಚ್ಚಿತು. ಎಂದರೆ ಹೊತ್ತಿನ ಅರಿವು ಗಿಡದ ಒಳಗೇ ಇತ್ತು.

ಮನುಷ್ಯನಲ್ಲಿಯೂ ಹೀಗೆಯೇ ಇದೆಯೇ? 1962ರಲ್ಲಿ ಮಿಷೆಲ್ ಸಿಫ್ರೆ ಎಂಬ ಫ್ರಾನ್ಸಿನ ತರುಣ ಭೂವಿಜ್ಞಾನಿ ಗಡಿಯಾರವನ್ನು ಹೊರಗಿಟ್ಟು, ಆಲ್ಪ್ಸ್ ಪರ್ವತದ ಒಂದು ಗವಿಗೆ ಇಳಿದು ಎರಡು ತಿಂಗಳು ಒಬ್ಬಂಟಿಯಾಗಿದ್ದರು. ಅವಧಿ ಮುಗಿಯಿತೆಂದು ಸೆಪ್ಟೆಂಬರ್ 14ರಂದು ತಿಳಿಸಿದಾಗ, ಅವರ ಲೆಕ್ಕದಲ್ಲಿ ಅಂದು ಆಗಸ್ಟ್ 20 ಆಗಿತ್ತು. ಮನಸ್ಸಿನ ಲೆಕ್ಕ ಮೂರು ವಾರಕ್ಕೂ ಮಿಕ್ಕಿ ತಪ್ಪಿತ್ತು. ಆದರೆ ಅವರು ಮಲಗಿ ಎದ್ದ ಹೊತ್ತುಗಳನ್ನು ಹೊರಗಿನವರು ಬರೆದಿಟ್ಟಿದ್ದರಷ್ಟೆ. ಆ ಪ್ರಕಾರ ದೇಹವು ಸುಮಾರು ಇಪ್ಪತ್ತನಾಲ್ಕೂವರೆ ಗಂಟೆಗೊಂದು ದಿನವನ್ನು ತಪ್ಪದೆ ಎಣಿಸಿತ್ತು! ನಮ್ಮ ದೇಶದಲ್ಲಿಯೂ ಎಂ. ಕೆ. ಚಂದ್ರಶೇಖರನ್ ಅವರು ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದು ಗವಿಯ ಬಾವಲಿಗಳಲ್ಲಿಯೂ ಮನುಷ್ಯರಲ್ಲಿಯೂ ಈ ಲಯವನ್ನು ಅಭ್ಯಸಿಸಿದರು. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಆ ವಿದ್ಯೆಯನ್ನು ಬೆಳೆಸಿದರು. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂಬುದನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಈ ಒಳಗಡಿಯಾರದಲ್ಲಿ ಒಂದು ಸಣ್ಣ ಕೊರತೆಯಿದೆ. ಅದರ ದಿನ ಸರಿಯಾಗಿ ಇಪ್ಪತ್ತನಾಲ್ಕು ಗಂಟೆಯದಲ್ಲ. ಬಹುಮಂದಿಯಲ್ಲಿ ಕೆಲವು ನಿಮಿಷ ಹೆಚ್ಚು. ನಮ್ಮ ಮಠದ ಹಳೆಯ ಗೋಡೆ ಗಡಿಯಾರವೂ ದಿನಕ್ಕೆ ಐದಾರು ನಿಮಿಷ ಹಿಂದೆ ಬೀಳುತ್ತಿತ್ತು. ಮುಂಜಾನೆಯ ವಾರ್ತೆಗೆ ಆಕಾಶವಾಣಿ ಹಾಕಿ ಮುಳ್ಳನ್ನು ಸರಿಪಡಿಸುತ್ತಿದ್ದುದು ಹಳಬರಿಗೆ ನೆನಪಿದ್ದೀತು. ದೇಹದ ಗಡಿಯಾರವನ್ನು ನಿತ್ಯ ಸರಿಪಡಿಸುವ ಆಕಾಶವಾಣಿಯೆಂದರೆ ಸೂರ್ಯನ ಬೆಳಕು. ಮಿದುಳಿನ ಬುಡದಲ್ಲಿ, ಎರಡು ಕಣ್ಣುಗಳ ನರಗಳು ಸಂಧಿಸುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಚಿಕ್ಕ ಗುಂಪು ಈ ಗಡಿಯಾರದ ಪ್ರಧಾನ ಕೇಂದ್ರವೆಂದು 1972ರಲ್ಲಿ ಗೊತ್ತಾಯಿತು. ಅದಕ್ಕೆ ಬೆಳಕಿನ ಸುದ್ದಿ ಮುಟ್ಟಿಸಲೆಂದೇ ಅಕ್ಷಿಪಟಲದಲ್ಲಿ ಬೇರೆ ಕೋಶಗಳಿರುವುದು 2002ರಲ್ಲಿ ಸ್ಪಷ್ಟವಾಯಿತು. ರೂಪವನ್ನು ಕಾಣುವುದು ಇವುಗಳ ಮುಖ್ಯ ಕೆಲಸವಲ್ಲ. ಹಗಲಾಯಿತೋ ಇರುಳಾಯಿತೋ ಎಂಬುದನ್ನು ಒಳಗೆ ತಿಳಿಸುವುದು ಇವುಗಳ ಕಾಯಕ. ಇವು ಎಲ್ಲಕ್ಕಿಂತ ಹೆಚ್ಚು ಓಗೊಡುವುದು ನೀಲಿಯ ಬೆಳಕಿಗೆ; ಎಂದರೆ, ಹಗಲಿನ ಆಕಾಶದ ಬಣ್ಣಕ್ಕೆ.

ಕತ್ತಲೆಯಾಯಿತೆಂಬ ಸುದ್ದಿ ಒಳಗೆ ಮುಟ್ಟಿದರೆ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ರಸ ಒಸರುತ್ತದೆ. 1958ರಲ್ಲಿ ಕಂಡುಹಿಡಿಯಲಾದ ಈ ರಸವೇ, ಇರುಳಾಯಿತು, ವಿಶ್ರಮಿಸಿರೆಂದು ಅಂಗಾಂಗಗಳಿಗೆ ಡಂಗುರ ಸಾರುವ ತಳವಾರ. ಪ್ರಖರವಾದ ಬೆಳಕು ಮನುಷ್ಯನಲ್ಲಿ ಈ ರಸವನ್ನು ತಡೆಯುತ್ತದೆಂದು 1980ರಲ್ಲಿ ಸಿದ್ಧವಾಯಿತು. ಮನೆಯ ಸಾಧಾರಣ ದೀಪಕ್ಕೆ ಅಷ್ಟು ಶಕ್ತಿಯಿಲ್ಲವೆಂದು ಆಗ ತಿಳಿದಿದ್ದರು. ಆದರೆ ಮಲಗುವ ಮುನ್ನ ಕೆಲವು ಗಂಟೆ ಸಾಧಾರಣ ಕೋಣೆಯ ಬೆಳಕಿನಲ್ಲಿ ಕುಳಿತರೂ ಅದು ಕುಗ್ಗುತ್ತದೆಂದು 2011ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಮುಚ್ಚಿದ ರೆಪ್ಪೆಯನ್ನು ದಾಟಿಯೂ ಸ್ವಲ್ಪ ಬೆಳಕು ಒಳಗೆ ಹೋಗುತ್ತದೆ. ನಾವು ಹಾಲಿನಂಥದೆಂದು ಮೆಚ್ಚಿದ ಆ ಬಿಳಿಯ ದೀಪದಲ್ಲಿ ನೀಲಿಯ ಅಂಶವೇ ಹೆಚ್ಚು. ಅರವತ್ತು ಮಕ್ಕಳ ನೆತ್ತಿಯ ಮೇಲೆ ಆರು ತಿಂಗಳು, ಇರುಳಿನುದ್ದಕ್ಕೂ, ಇನ್ನೂ ಹಗಲಿದೆ, ಇನ್ನೂ ಹಗಲಿದೆ ಎಂದು ಸುಳ್ಳು ಸಾರಿಸಿದವರು ನಾವು.

ಇಲ್ಲಿ ಒಂದು ಸೋಜಿಗವನ್ನು ಗಮನಿಸಿರಿ. ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಮೋಡ ಮುಸುಕಿದ ಮಳೆಗಾಲದ ಹಗಲಿನಲ್ಲಿಯೂ ಬಯಲಿನಲ್ಲಿ ನಿಂತರೆ ಸಾವಿರಾರು ಲಕ್ಸ್ ಸಿಗುತ್ತದೆ. ಆದರೆ ಚೆನ್ನಾಗಿ ದೀಪ ಹಾಕಿದ ಕೋಣೆಯಲ್ಲಿ ಇರುವುದು ನೂರರಿಂದ ಐನೂರು ಮಾತ್ರ. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇಲ್ಲ. ಕಣ್ಣು ಎಲ್ಲಕ್ಕೂ ಹೊಂದಿಕೊಳ್ಳುವುದರಿಂದ ಈ ಅಗಾಧವಾದ ಅಂತರ ನಮ್ಮ ಅರಿವಿಗೆ ಬಾರದು. ಹೀಗಾಗಿ, ದಿನವಿಡೀ ಕಚೇರಿಯಲ್ಲೋ ಅಂಗಡಿಯ ಒಳಗೋ ಕುಳಿತು, ರಾತ್ರಿ ಹನ್ನೊಂದರವರೆಗೆ ದೀಪದ ಕೆಳಗೆ, ದೂರದರ್ಶನದ ಮುಂದೆ, ಕೈಫೋನಿನ ಮುಂದೆ ಕಳೆಯುವ ಮನುಷ್ಯನಿಗೆ ಹಗಲೂ ಸಾಲದು, ಇರುಳೂ ಸಾಲದು. ಅವನ ದೇಹಕ್ಕೆ ಇಪ್ಪತ್ತನಾಲ್ಕು ಗಂಟೆಯೂ ಒಂದು ದೀರ್ಘವಾದ ಮುಸ್ಸಂಜೆ. 2013ರಲ್ಲಿ ಅಮೆರಿಕದ ಸಂಶೋಧಕರು ಎಂಟು ಮಂದಿಯನ್ನು ಒಂದು ವಾರ ಗುಡ್ಡಗಾಡಿನಲ್ಲಿ, ಸೂರ್ಯನ ಬೆಳಕು ಮತ್ತು ಬೆಂಕಿಯ ಬೆಳಕನ್ನು ಬಿಟ್ಟು ಬೇರೆ ದೀಪವಿಲ್ಲದೆ ಇರಿಸಿದರು. ಅಷ್ಟರಲ್ಲೇ ಅವರ ಒಳಗಡಿಯಾರ ಸುಮಾರು ಎರಡು ಗಂಟೆ ಮುಂಚಿತವಾಗಿ ಸರಿಯಿತು. ಸೂರ್ಯನ ಹೊತ್ತಿಗೆ ಹೊಂದಿಕೊಂಡಿತು.

ಬೆಳಕಿಗೆ ಇಂಥ ಶಕ್ತಿಯಿದೆಯೆಂಬುದನ್ನು ನಂಬದವರು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆಗೆ ರಾತ್ರಿ ಪ್ರಯಾಣ ಮಾಡಬೇಕು. ಸೇವಂತಿಗೆಯ ಹೊಲಗಳಲ್ಲಿ ಸಾಲುಸಾಲಾಗಿ ವಿದ್ಯುದ್ದೀಪಗಳು ಉರಿಯುತ್ತಿರುತ್ತವೆ. ಸೇವಂತಿಗೆ ಹೂಬಿಡುವುದು ಇರುಳು ದೀರ್ಘವಾದಾಗ. ಗಿಡ ಇನ್ನಷ್ಟು ಬೆಳೆಯಲಿ, ಪೇಟೆಯಲ್ಲಿ ಬೆಲೆ ಬರುವ ಹೊತ್ತಿಗೆ ಹೂಬಿಡಲಿ ಎಂದು ರೈತ ದೀಪ ಹಾಕಿ ಇರುಳನ್ನು ಮೊಟಕು ಮಾಡುತ್ತಾನೆ; ಗಿಡ ಮೋಸ ಹೋಗಿ ಮೊಗ್ಗನ್ನು ತಡೆಹಿಡಿಯುತ್ತದೆ. ಕೋಳಿ ಸಾಕುವವರು ಮೊಟ್ಟೆ ಹೆಚ್ಚಲೆಂದು ದಿನಕ್ಕೆ ಹದಿನಾರು ಗಂಟೆ ಬೆಳಕು ಕೊಡುತ್ತಾರೆ. ಗಿಡವನ್ನೂ ಹಕ್ಕಿಯನ್ನೂ ದೀಪದಿಂದ ಆಳಬಹುದೆಂದು ಬಲ್ಲ ಮನುಷ್ಯ, ತಾನು ಮತ್ತು ತನ್ನ ಮಕ್ಕಳು ಮಾತ್ರ ಆ ಆಳ್ವಿಕೆಗೆ ಹೊರಗೆಂದು ಹೇಗೆ ತಿಳಿದನು? ಬೆಲೆಗಾಗಿ ದೀಪ ಹಾಕುವ ರೈತನಿಗೆ ತಾನೇನು ಮಾಡುತ್ತಿದ್ದೇನೆಂಬ ಅರಿವಾದರೂ ಇದೆ. ನಮಗೆ ಅದೂ ಇರಲಿಲ್ಲ.

ಹಾಗಾದರೆ ವಿದ್ಯುದ್ದೀಪವೇ ಕೇಡೆಂದು ನಾವು ಹೇಳುತ್ತಿದ್ದೇವೆಯೇ? ಖಂಡಿತ ಇಲ್ಲ. ಹಳೆಯ ಕಾಲವನ್ನು ಹೊಗಳಿ ಇಂದಿನದನ್ನು ಬಯ್ಯುವುದು ಸುಲಭ. ಅದು ಸತ್ಯಕ್ಕೆ ಅಪಚಾರ. ನಮ್ಮ ಪೂರ್ವಾಶ್ರಮದ ತಾಯಿ ಚಿಮಣಿ ದೀಪದ ಹೊಗೆಯಲ್ಲಿ ಅಡಿಗೆ ಮಾಡಿ, ಕಾಳು ಆರಿಸಿ, ಕೌದಿ ಹೊಲಿದು ಕಣ್ಣು ಸವೆಸಿದುದನ್ನು ನಾವು ಕಂಡಿದ್ದೇವೆ. ಆ ಕತ್ತಲೆ ಆಕೆ ಆರಿಸಿಕೊಂಡದ್ದಲ್ಲ, ಬಡತನ ಹೇರಿದ್ದು. 1970ರ ದಶಕದ ಕೊನೆಗೆ ಆರಂಭವಾದ ಭಾಗ್ಯಜ್ಯೋತಿ ಯೋಜನೆಯಿಂದ ಗುಡಿಸಲಿಗೊಂದು ಬಲ್ಬು ಬಂದಾಗ ಆ ಮನೆಯ ಮಕ್ಕಳ ಮುಖ ಹೇಗೆ ಅರಳಿತೆಂಬುದನ್ನು ಬಲ್ಲವರು ನಮ್ಮ ಓದುಗರಲ್ಲಿ ಎಷ್ಟೋ ಮಂದಿಯಿದ್ದೀರಿ. ಆ ಬಲ್ಬಿನ ಕೆಳಗೆ ಓದಿಯೇ ನೀವು ಎಂಜಿನಿಯರರೂ ಶಿಕ್ಷಕರೂ ಆದಿರಿ. ಬೇಕಾದಾಗ ಬೆಳಕಿಲ್ಲದಿರುವುದು ಅನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ನಾವು ಹೇಳುವುದೇನೆಂದರೆ, ಬೇಕಾದಾಗ ಕತ್ತಲೆಯಿಲ್ಲದಿರುವುದೂ ಅದೇ ಅನ್ಯಾಯದ ಇನ್ನೊಂದು ಮುಖ. ಹಳೆಯ ಮನೆ ಕಟ್ಟಿದವರಿಗೆ ಇದರ ಒಂದು ಅಂದಾಜಿತ್ತು. ತೊಟ್ಟಿಮನೆಯ ನಡುವಣ ತೆರೆದ ಅಂಗಳ, ಮಾಳಿಗೆಯ ಮೇಲಿನ ಬೆಳಕಿಂಡಿ, ಹೊರಗಿನ ಜಗಲಿ, ಇವೆಲ್ಲ ಹಗಲನ್ನು ಮನೆಯ ಒಳಗೆ ಕರೆತರುತ್ತಿದ್ದವು. ಇರುಳು ತಾನಾಗಿ ಬರುತ್ತಿತ್ತು. ಇಂದು ನಾವು ಕಿಟಕಿಗೆ ಅಡ್ಡವಾಗಿ ಕಪಾಟು ಇಟ್ಟು ಹಗಲಿನಲ್ಲಿ ದೀಪ ಹಾಕುತ್ತೇವೆ. ಆ ದೀಪವನ್ನು ಇರುಳಿನಲ್ಲಿಯೂ ತೆಗೆಯುವುದಿಲ್ಲ.

ನಮ್ಮ ನಾಡಿಗೆ ವಿದ್ಯುತ್ತು ಬಂದ ಬಗೆಯನ್ನೂ ಒಮ್ಮೆ ನೆನೆಯಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಯಾರ ಮನೆಗೂ ಅಲ್ಲ. ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಯಂತ್ರವನ್ನು ನಿಲ್ಲಿಸದೆ ನಡೆಸುವುದಕ್ಕೆಂದು ಬಂದ ಶಕ್ತಿ ಮನೆಗೆ ಕಾಲಿಟ್ಟಾಗ, ನಿಲ್ಲಬಾರದೆಂಬ ಆ ಯಂತ್ರದ ಧರ್ಮವನ್ನೂ ತನ್ನೊಡನೆ ತಂದಿತು. ಇಂದು ಆಸ್ಪತ್ರೆಯ ದಾದಿ, ರಾತ್ರಿ ಬಸ್ಸಿನ ಚಾಲಕ, ಕಾರ್ಖಾನೆಯ ಕಾರ್ಮಿಕ, ಪೋಲೀಸಿನವನು, ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಹಗಲಿಗೆ ದುಡಿಯುವ ತರುಣ, ಇವರೆಲ್ಲ ಇರುಳನ್ನು ಹಗಲು ಮಾಡಿಕೊಂಡವರು. ದೇಹದ ಲಯವನ್ನು ಕೆಡಿಸುವ ರಾತ್ರಿಪಾಳಿಯ ದುಡಿಮೆ ಮನುಷ್ಯನಿಗೆ ಬಹುಶಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2007ರಲ್ಲಿ ವರ್ಗೀಕರಿಸಿತು. 2019ರ ಮರುಪರಿಶೀಲನೆಯಲ್ಲಿಯೂ ಅದೇ ನಿರ್ಣಯ ಉಳಿಯಿತು. ಇದನ್ನು ಕೇಳಿ ಯಾರೂ ಕೆಲಸ ಬಿಡಬೇಕಾಗಿಲ್ಲ. ರೋಗಿಯನ್ನು ಇರುಳಿನಲ್ಲಿ ಯಾರಾದರೂ ನೋಡಿಕೊಳ್ಳಲೇಬೇಕಲ್ಲ! ಆದರೆ ನಮಗಾಗಿ ತಮ್ಮ ಇರುಳನ್ನು ಒತ್ತೆಯಿಟ್ಟವರಿಗೆ ನಾವು ಒಂದು ಋಣ ಸಲ್ಲಿಸಬೇಕಾಗಿದೆ. ರಾತ್ರಿಪಾಳಿ ಮುಗಿಸಿ ಬಂದ ಸೊಸೆ ಹಗಲಿನಲ್ಲಿ ಮಲಗಿದರೆ ಅದನ್ನು ಸೋಮಾರಿತನವೆನ್ನುವ ಅತ್ತೆ, ಆಕೆಯ ಕೋಣೆಗೆ ದಪ್ಪನೆಯ ಪರದೆ ಕಟ್ಟಿ ಮನೆಯವರ ದನಿ ತಗ್ಗಿಸಿದರೆ, ಅದಕ್ಕಿಂತ ಮಿಗಿಲಾದ ಸೇವೆಯಿಲ್ಲ.

ಇಷ್ಟು ಹೇಳಿದ ಮೇಲೆ ನೀತಿಯ ಪ್ರಶ್ನೆ ತಾನೇ ಸ್ಪಷ್ಟವಾಗುತ್ತದೆ. ಬೆಳಕು ಒಳ್ಳೆಯದೋ ಕೆಟ್ಟದ್ದೋ ಎಂಬುದು ಪ್ರಶ್ನೆಯಲ್ಲ. ಗುಂಡಿ ಯಾರ ಕೈಯಲ್ಲಿದೆ, ಬೆಳಕು ಯಾರ ಕಣ್ಣಿನ ಮೇಲೆ ಬೀಳುತ್ತದೆ ಎಂಬುದು ಪ್ರಶ್ನೆ. ಇವೆರಡೂ ಒಬ್ಬನೇ ಆಗಿದ್ದರೆ ಅದು ಅವನ ಆರೋಗ್ಯದ ವಿಷಯ. ಬೇರೆಬೇರೆಯಾದರೆ ಅದು ಧರ್ಮದ ವಿಷಯ. ನಡುಮನೆಯಲ್ಲಿ ತಂದೆ ಹನ್ನೆರಡರವರೆಗೆ ದೂರದರ್ಶನ ನೋಡುತ್ತಾನೆ, ಅಲ್ಲಿಯೇ ಮಕ್ಕಳು ಮಲಗಬೇಕು. ವೃದ್ಧ ತಂದೆತಾಯಿಯರಿಗೆ ಕಿಟಕಿಯಿಲ್ಲದ ಹಿಂದಿನ ಕೋಣೆ ಕೊಟ್ಟು, ಹಗಲೂ ಬಲ್ಬು ಉರಿಸಿ, ಏನೂ ಕೊರತೆ ಮಾಡಿಲ್ಲವೆಂದು ಮಗ ತೃಪ್ತನಾಗುತ್ತಾನೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ಒಳಗೆ ಹೋಗುವ ಬೆಳಕೇ ಕಡಿಮೆಯಾಗುವುದರಿಂದ ಮುದುಕರಿಗೆ ಹಗಲಿನ ಬಿಸಿಲು ನಮಗಿಂತ ಹೆಚ್ಚು ಬೇಕು. ಅಜ್ಜ ಹಗಲೆಲ್ಲ ತೂಕಡಿಸಿ ರಾತ್ರಿಯೆಲ್ಲ ಎದ್ದು ಓಡಾಡುತ್ತಾನೆಂದು ಬೇಸರಪಡುವ ಮುನ್ನ, ಅವನ ಮಂಚವನ್ನು ಜಗಲಿಗೆ ತಂದು ಹಾಕಿದಿರಾ ಎಂದು ಕೇಳಿಕೊಳ್ಳಿರಿ. ಇಷ್ಟೇಕೆ, ನಮ್ಮ ಮಠದ ಹೆಬ್ಬಾಗಿಲಿನ ಎತ್ತರದ ಕಂಬದ ದೀಪವೂ ಎದುರಿನ ಸಣ್ಣ ಮನೆಗಳ ಕಿಟಕಿಯೊಳಗೆ ವರ್ಷಾನುಗಟ್ಟಲೆ ಸುರಿಯುತ್ತಿತ್ತು. ಮಠದ ದೀಪವೆಂಬ ಭಕ್ತಿಯಿಂದ ಒಬ್ಬರೂ ದೂರಲಿಲ್ಲ. ಭಕ್ತಿಯಿಂದ ಬಾಯಿ ಮುಚ್ಚಿದವರ ನೋವು ನಮ್ಮ ಲೆಕ್ಕಕ್ಕೆ ಬರದೆ ಹೋದೀತೇ? ಈಗ ಆ ದೀಪಕ್ಕೆ ಮೇಲ್ಮುಚ್ಚಳ ಹಾಕಿಸಿ, ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮಾಡಿದ್ದೇವೆ.

ದಾಸೋಹವೆಂಬ ಮಾತನ್ನು ನಾವು ನಿತ್ಯ ಬಳಸುತ್ತೇವೆ. ಹಸಿದವನ ಹಸಿವನ್ನು ಅರಿತು ನೀಡುವುದು ದಾಸೋಹ. ನಡುರಾತ್ರಿ ಮಲಗಿದವನನ್ನು ಎಬ್ಬಿಸಿ ಹೋಳಿಗೆ ತುರುಕಿದರೆ ಅದು ದಾಸೋಹವಾದೀತೇ? ಮಕ್ಕಳಿಗೆ ನಾವು ಬೆಳಕನ್ನು ನೀಡಿದ್ದು ಹಾಗಿತ್ತು. ನೀಡುವ ಹೆಮ್ಮೆಯಲ್ಲಿ, ಪಡೆಯುವವರ ಕಣ್ಣನ್ನು ನೋಡಿರಲಿಲ್ಲ.

ಇನ್ನು ಆರಂಭದ ಮಾತಿಗೆ ಬರೋಣ. ಪಾಠಶಾಲೆಯಲ್ಲಿ ಅಲಂಕಾರ ಶಾಸ್ತ್ರ ಓದುವಾಗ ನಮಗೆ ಕಲಿಸಿದ ಮೊದಲ ಮಾತೇ ಇದು: ಉಪಮಾನವು ಯಾವುದೋ ಒಂದು ಸಮಾನವಾದ ಧರ್ಮದಲ್ಲಿ ಮಾತ್ರ ಹೊಂದುತ್ತದೆ. ಚಂದ್ರನಂಥ ಮುಖವೆಂದರೆ ಮುಖದಲ್ಲಿ ಕಲೆಯಿದೆಯೆಂದು ಅರ್ಥವಲ್ಲ. ಹಾಗೆಯೇ ಅಜ್ಞಾನವು ಕತ್ತಲೆಯಂತೆ ವಸ್ತುವನ್ನು ಮರೆಮಾಡುತ್ತದೆ ಎಂದರೆ ಕತ್ತಲೆಯೇ ಅಜ್ಞಾನವೆಂದಾಗದು. ಬೀಜ ಮೊಳೆಯುವುದು ಮಣ್ಣಿನ ಕತ್ತಲೆಯಲ್ಲಿ; ಶಿಶು ಬೆಳೆಯುವುದು ಗರ್ಭದ ಕತ್ತಲೆಯಲ್ಲಿ. ನಿತ್ಯ ಅಂಗ್ಯೆಯಲ್ಲಿ ಹಿಡಿದು ನೀವು ದಿಟ್ಟಿಸುವ ಇಷ್ಟಲಿಂಗದ ಹೊದಿಕೆಯ ಬಣ್ಣ ಕಪ್ಪಲ್ಲವೇ? ಕಣ್ಣಿಗೆ ಅಲ್ಲಿ ನೆಲೆ ಸಿಗುತ್ತದೆ. ಅಜ್ಞಾನವನ್ನು ಓಡಿಸಬೇಕು, ಇರುಳನ್ನು ಓಡಿಸಬಾರದು. ಈ ವಿವೇಕ ನಮ್ಮ ಹಿರಿಯರ ನುಡಿಯಲ್ಲೇ ಅಡಗಿತ್ತು. 1980ರ ದಶಕದಲ್ಲಿ ನಾವು ಇದೇ ನಿಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ, ರಾತ್ರಿ ಒಂಬತ್ತೂವರೆಗೆ ಲಿಂಗೈಕ್ಯ ಹಿರಿಯ ಗುರುಗಳು ಪಡಸಾಲೆಯ ಬಾಗಿಲಲ್ಲಿ ನಿಂತು, "ದೀಪ ದೊಡ್ಡದು ಮಾಡ್ರೆಪ್ಪಾ" ಎನ್ನುತ್ತಿದ್ದುದು ಆ ಕಾಲದ ನಿಮಗೆಲ್ಲ ನೆನಪಿರಬೇಕು. ದೀಪ ಆರಿಸು ಎನ್ನುವುದು ಅಮಂಗಳವೆಂದು ನಮ್ಮ ಜನ ದೊಡ್ಡದು ಮಾಡು ಎನ್ನುತ್ತಾರೆ. ಆಗ ಅದನ್ನು ಬರಿಯ ರೂಢಿಯೆಂದು ತಿಳಿದಿದ್ದೆವು. ಈಗ ಅದರಲ್ಲಿ ಇನ್ನೊಂದು ಅರ್ಥ ಹೊಳೆಯುತ್ತದೆ. ಕೈಯಲ್ಲಿ ಹಿಡಿದ ಸಣ್ಣ ದೀಪವನ್ನು ತೆಗೆದರೆ, ನಾಳೆ ಮೂಡುವ ದೊಡ್ಡ ದೀಪಕ್ಕೆ ದೇಹ ಸಿದ್ಧವಾಗುತ್ತದೆ.

2019ರ ಜನವರಿಯಿಂದ ನಿಲಯದಲ್ಲಿ ಮಾಡಿದ ಬದಲಾವಣೆ ಅಲ್ಪವೇ. ಪಡಸಾಲೆಯ ದೊಡ್ಡ ದೀಪಗಳು ಒಂಬತ್ತೂವರೆಗೆ ನಿಲ್ಲುತ್ತವೆ. ಬಚ್ಚಲಿನ ದಾರಿಯಲ್ಲಿ ಮಾತ್ರ, ನೆಲದಿಂದ ಗೇಣೆತ್ತರದಲ್ಲಿ, ಕೆಂಪು ಬಣ್ಣದ ಪುಟ್ಟ ದೀಪಗಳನ್ನು ಇಟ್ಟಿದ್ದೇವೆ. ಯಾರೂ ಎಡವುವುದಿಲ್ಲ, ಯಾರ ಕಣ್ಣಿಗೂ ಕುಕ್ಕುವುದಿಲ್ಲ. ಹತ್ತನೆಯ ಇಯತ್ತೆಯವರು ಓದಬೇಕಾದರೆ ಅವರಿಗೆ ಬೇರೆ ಕೋಣೆಯಿದೆ. ಅಲ್ಲಿಯೂ ಹಳದಿ ಬಣ್ಣದ ದೀಪ, ಅಲ್ಲಿಯೂ ಒಂದು ಮಿತಿ. ಕಪಾಟುಗಳ ಹಿಂದೆ ಮುಚ್ಚಿಹೋಗಿದ್ದ ನಾಲ್ಕು ಕಿಟಕಿಗಳನ್ನು ತೆರೆಸಿದೆವು. ಮುಂಜಾನೆಯ ಪ್ರಾರ್ಥನೆ ಮತ್ತು ಓದು ಒಳಗಿನಿಂದ ಅಂಗಳಕ್ಕೆ ಬಂದಿತು. ಇದರಿಂದ ಪರೀಕ್ಷೆಯ ಅಂಕಗಳು ಏರಿದವೆಂದು ನಾವು ಹೇಳಲಾರೆವು. ಅದಕ್ಕೆ ನೂರು ಕಾರಣಗಳಿರುತ್ತವೆ. ಬೆಳಗಿನ ಗಂಟೆಯನ್ನು ಎರಡನೆಯ ಸಲ ಬಾರಿಸುವ ಪ್ರಸಂಗ ಈಗ ಅಪರೂಪ. ಅಷ್ಟು ಮಾತ್ರ ಕಂಡಿದ್ದೇವೆ. ದೀಪಗಳನ್ನು ಕೊಟ್ಟ ಆ ಹಳೆಯ ವಿದ್ಯಾರ್ಥಿಗೆ ಎಲ್ಲವನ್ನೂ ಬರೆದು ತಿಳಿಸಿದಾಗ ಅವರು ನೊಂದುಕೊಳ್ಳಲಿಲ್ಲ. ಕೆಂಪು ದೀಪಗಳ ಖರ್ಚನ್ನೂ ಅವರೇ ವಹಿಸಿದರು.

ಪ್ರಿಯ ಓದುಗರೇ, ನಿಮ್ಮಿಂದ ನಾವು ಬೇಡುವುದು ದೊಡ್ಡದೇನಲ್ಲ. ಮುಂಜಾನೆ ಎದ್ದು ಅರ್ಧ ತಾಸು ಬಯಲಿನ ಬೆಳಕಿನಲ್ಲಿರಿ; ಮನೆಯ ಮುದುಕರನ್ನೂ ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿರಿ. ಸಂಜೆಯ ಮೇಲೆ ದೀಪಗಳನ್ನು ಒಂದೊಂದಾಗಿ ತಗ್ಗಿಸುತ್ತ ಬನ್ನಿರಿ. ಮಲಗುವ ಮುನ್ನ ನಿಮ್ಮ ಕೋಣೆಯ ಗುಂಡಿಗೆ ಕೈ ಹಾಕುವಾಗ, ನಿಮ್ಮ ಕೈಯಲ್ಲಿರುವ ಬೇರೆಯವರ ಗುಂಡಿಯನ್ನೂ ನೆನಪು ಮಾಡಿಕೊಳ್ಳಿರಿ. ಶಾಲೆ, ವಸತಿನಿಲಯ, ಆಸ್ಪತ್ರೆ, ಕಾರ್ಖಾನೆಗಳನ್ನು ನಡೆಸುವವರು ನಿಮ್ಮಲ್ಲಿ ಬಹಳ ಮಂದಿಯಿದ್ದೀರಿ; ಒಂದು ರಾತ್ರಿ ಹೋಗಿ ಅಲ್ಲಿ ಮಲಗಿ ನೋಡಿರಿ. ನಮಗೆ ಆರು ತಿಂಗಳು ತಿಳಿಯದೆ ಹೋದದ್ದು ಆ ಒಂದೇ ರಾತ್ರಿಯಲ್ಲಿ ತಿಳಿಯಿತು.

ಉಗ್ರಾಣದಲ್ಲಿ ಮಲಗುತ್ತಿದ್ದ ಆ ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿ ಹೋಗುವವರೆಗೂ ರಾತ್ರಿ ದೀಪ ತೆಗೆಯುವ ಕೆಲಸವನ್ನು ಅವನಿಗೇ ಒಪ್ಪಿಸಿದ್ದೆವು. ಹಿರಿಯ ಗುರುಗಳ ಮಾತನ್ನು ಅವನಿಗೆ ಕಲಿಸಿಕೊಟ್ಟಿದ್ದೆವು. ಅವನು ಹೋದ ಮೇಲೆ ಇನ್ನೊಬ್ಬ, ಅವನ ಬಳಿಕ ಮತ್ತೊಬ್ಬ. ನಿತ್ಯ ಒಂಬತ್ತೂವರೆಗೆ ನಮ್ಮ ಕೋಣೆಯವರೆಗೆ ಆ ದನಿ ಕೇಳಿಬರುತ್ತದೆ: "ದೀಪ ದೊಡ್ಡದು ಮಾಡ್ರೆಪ್ಪಾ!" ಅದನ್ನು ಕೇಳಿದ ಮೇಲೆ ನಾವೂ ನಮ್ಮ ದೀಪವನ್ನು ದೊಡ್ಡದು ಮಾಡುತ್ತೇವೆ. ನಿಮ್ಮ ಮನೆಯ ದೀಪವೂ ಹೊತ್ತಿಗೆ ಸರಿಯಾಗಿ ಬೆಳಗಲಿ, ಹೊತ್ತಿಗೆ ಸರಿಯಾಗಿ ದೊಡ್ಡದಾಗಲಿ.